ಮ್ಯೂನಿಕ್‌ನ ಮೊದಲ ತಿಂಗಳು: ಯಾವುದು ಗದರಿಕೆ, ಯಾವುದು ತಾರತಮ್ಯ?

ಪ್ರಶ್ನೆ: ನಾನು ದಾವಣಗೆರೆಯವನು, 23 ವರ್ಷ. ಮಾಸ್ಟರ್ಸ್ ಓದಲು ಮ್ಯೂನಿಕ್‌ಗೆ ಬಂದು ಮೂರು ವಾರವಾಯಿತು. ಊರು ತುಂಬ ಚೆನ್ನಾಗಿದೆ, ಜನ ಮಾತ್ರ ಒಗಟು. ಬೀದಿಯಲ್ಲಿ ಯಾರೂ ಮುಖ ನೋಡಿ ನಗುವುದಿಲ್ಲ. ಫುಟ್‌ಪಾತ್ ಮೇಲೆ ನಡೆಯುತ್ತಿದ್ದ ನನಗೆ ಸೈಕಲ್‌ನವರು ಎರಡು ಸಲ ಕೂಗಾಡಿಕೊಂಡು ಹೋದರು. ಭಾನುವಾರ ಬೆಳಿಗ್ಗೆ ದೋಸೆ ಹಿಟ್ಟಿಗೆಂದು ಮಿಕ್ಸಿ ಹಾಕಿದರೆ ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟಿ ಗದರಿದರು. ಸೂಪರ್‌ಮಾರ್ಕೆಟ್‌ನ ಕೌಂಟರ್‌ನಲ್ಲಿ ಸಾಮಾನನ್ನು ಎಸೆದ ಹಾಗೆ ತಳ್ಳುತ್ತಾರೆ. ಸಹಪಾಠಿ ಊಟಕ್ಕೆ ಕರೆದಿದ್ದ. ಒಂದು ಸಲ 'ಸಾಕು' ಅಂದಿದ್ದಕ್ಕೆ ಪಾತ್ರೆಯನ್ನೇ ಎತ್ತಿಟ್ಟರು. ಮೊನ್ನೆ ರೂಮಿಗಾಗಿ ಫೋನ್ ಮಾಡಿದೆ. ಹೆಸರು ಕೇಳಿದ ಮೇಲೆ 'ಕೊಟ್ಟಾಯಿತು' ಎಂದರು. ಕಾಲು ಗಂಟೆ ಬಿಟ್ಟು ಜರ್ಮನ್ ಗೆಳೆಯ ಕೇಳಿದರೆ 'ನಾಳೆ ಬಂದು ನೋಡಿ' ಎಂದರಂತೆ. ಇವರ ಸ್ವಭಾವವೇ ಹೀಗೋ, ನನ್ನ ಬಣ್ಣ ನೋಡಿ ಹೀಗೋ?

ಉತ್ತರ: ನೀವು ಹೇಳಿದ ಆರು ಸಂಗತಿಗಳಲ್ಲಿ ಕೊನೆಯದು ತಾರತಮ್ಯದ ಸ್ಪಷ್ಟ ಸೂಚನೆ. ಅದಕ್ಕೆ ಕಾನೂನಿದೆ, ಗಡುವೂ ಇದೆ. ಉತ್ತರದ ಕೊನೆಯಲ್ಲಿ ಬರೆದಿದ್ದೇನೆ, ಓದದೆ ಬಿಡಬೇಡಿ. ಉಳಿದ ಐದಕ್ಕೆ ನಿಮ್ಮ ಬಣ್ಣವನ್ನು ಕಾರಣ ಮಾಡಬೇಕಾಗಿಲ್ಲ. ಹ್ಯಾಂಬರ್ಗ್‌ನಿಂದ ಬಂದ ಹುಡುಗ ಅದೇ ಜಾಗದಲ್ಲಿ ಅದೇ ಕೆಲಸ ಮಾಡಿದ್ದರೂ ಅಷ್ಟೇ ಬೈಸಿಕೊಳ್ಳುತ್ತಿದ್ದ. ಹೊಸ ಊರಿನಲ್ಲಿ ನಾವು ಕಣ್ಣಾರೆ ಕಂಡದ್ದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಅದಕ್ಕೆ ಹಚ್ಚುವ ಕಾರಣ ತಪ್ಪುತ್ತದೆ, ಏಕೆಂದರೆ ಆ ಕಾರಣವನ್ನು ಊರಿನಿಂದ ತಂದಿರುತ್ತೇವೆ. ನಮ್ಮ ಕಡೆ ಗುರುತಿಲ್ಲದವರು ಗದರಿದರೆ ಅದು ಜಗಳಕ್ಕೆ ಪೀಠಿಕೆ. ಇಲ್ಲಿ ಅದು ನಿಯಮವನ್ನು ನೆನಪಿಸುವುದು, ಅಷ್ಟೇ. ಹೇಳಿದವರು ಮುಂದಿನ ತಿರುವಿನಲ್ಲಿ ಮರೆತಿರುತ್ತಾರೆ, ಕೇಳಿಸಿಕೊಂಡವರು ರಾತ್ರಿಯಿಡೀ ಮೆಲುಕು ಹಾಕುತ್ತಾರೆ.

ಸೈಕಲ್‌ನಿಂದಲೇ ಶುರು ಮಾಡೋಣ, ಹೊಸಬರು ಅತಿ ಹೆಚ್ಚು ಬೈಸಿಕೊಳ್ಳುವುದು ಅಲ್ಲೇ. ಮ್ಯೂನಿಕ್‌ನ ಎಷ್ಟೋ ರಸ್ತೆಗಳಲ್ಲಿ ಸೈಕಲ್ ದಾರಿ ಫುಟ್‌ಪಾತ್‌ನ ಮೇಲೆಯೇ ಇದೆ. ನಡುವೆ ಕಟ್ಟೆಯಿಲ್ಲ, ಕಂಬಿಯಿಲ್ಲ. ಒಂದು ಬಿಳಿ ಗೆರೆಯೋ ಬೇರೆ ಬಣ್ಣದ ಕಲ್ಲುಹಾಸೋ ಇರುತ್ತದೆ. ರಸ್ತೆಯ ಕಡೆಯ ಪಟ್ಟಿ ಸಾಮಾನ್ಯವಾಗಿ ಸೈಕಲ್‌ಗೆ, ಕಟ್ಟಡದ ಕಡೆಯದು ನಡೆಯುವವರಿಗೆ. ಕಂಬದ ಮೇಲಿನ ದುಂಡನೆಯ ನೀಲಿ ಫಲಕ ನೋಡಿ. ಸೈಕಲ್ ಮತ್ತು ಪಾದಚಾರಿಗಳ ಚಿತ್ರದ ನಡುವೆ ಗೆರೆ ಉದ್ದಕ್ಕೆ, ಅಂದರೆ ಮೇಲಿಂದ ಕೆಳಗೆ ಇದ್ದರೆ ಇಬ್ಬರಿಗೂ ಬೇರೆ ಬೇರೆ ಪಟ್ಟಿ. ಗೆರೆ ಅಡ್ಡಕ್ಕೆ ಇದ್ದರೆ ದಾರಿ ಇಬ್ಬರದೂ. ಬೆಲ್ ಕೇಳಿದ ಕೂಡಲೇ ಗಾಬರಿಯಿಂದ ಪಕ್ಕಕ್ಕೆ ಜಿಗಿಯಬೇಡಿ. ಸೈಕಲ್ ವೇಗವಾಗಿ ಬರುತ್ತಿರುತ್ತದೆ, ಸವಾರ ನಿಮ್ಮ ಮುಂದಿನ ಹೆಜ್ಜೆಯನ್ನು ಊಹಿಸಿಕೊಂಡೇ ಹ್ಯಾಂಡಲ್ ತಿರುಗಿಸಿರುತ್ತಾನೆ. ಕಟ್ಟಡದ ಕಡೆಗೆ ಒಂದು ಹೆಜ್ಜೆ ಸರಿದು ಹಾಗೇ ನಡೆಯಿರಿ. ಬಸ್ಸಿಳಿಯುವಾಗಲೂ ನೋಡಿಕೊಳ್ಳಿ, ಕೆಲವು ನಿಲ್ದಾಣಗಳಲ್ಲಿ ಕಾಲಿಡುವ ಜಾಗವೇ ಸೈಕಲ್ ಪಟ್ಟಿ.

ರಸ್ತೆ ಖಾಲಿಯಿದ್ದರೂ ಕೆಂಪು ದೀಪದಲ್ಲಿ ಜನ ನಿಂತೇ ಇರುವುದನ್ನು ನೀವು ಗಮನಿಸಿರಬಹುದು. ದಾಟಿದರೆ ದಂಡ 5 ಯೂರೋ ಮಾತ್ರ. ಆದರೆ ಪಕ್ಕದಲ್ಲಿ ಮಗುವಿದ್ದರೆ ಅದರ ತಾಯಿಯೋ ಅಜ್ಜನೋ ಖಂಡಿತ ಗದರುತ್ತಾರೆ. ನಿಮ್ಮನ್ನು ನೋಡಿ ಮಗು ಕಲಿಯುತ್ತದೆ ಎಂಬ ಆತಂಕ ಅದು.

ಇನ್ನು ಅಜ್ಜಿಯ ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡಬಾರದೆಂಬುದು ಇಲ್ಲಿ ಮನೆಮನೆಯ ನಿಯಮ. ಮಧ್ಯಾಹ್ನ 12ರಿಂದ 3ರ ಹೊತ್ತನ್ನೂ ಎಷ್ಟೋ ಕಟ್ಟಡಗಳು ಸೇರಿಸಿಕೊಂಡಿವೆ. ನಿಮ್ಮ ಕಟ್ಟಡದ ಮೆಟ್ಟಿಲ ಬಳಿ 'ಹೌಸ್‌ಓರ್ಡ್ನುಂಗ್' ಎಂಬ ಹಾಳೆ ಅಂಟಿಸಿರುತ್ತಾರೆ, ಬಾಡಿಗೆ ಕರಾರಿನ ಜೊತೆಗೂ ಕೊಟ್ಟಿರುತ್ತಾರೆ. ಅದನ್ನು ಫೋನಿನಲ್ಲಿ ಫೋಟೊ ತೆಗೆದು ಅನುವಾದ ಮಾಡಿಸಿ ಒಮ್ಮೆ ಪೂರ್ತಿ ಓದಿ. ಭಾನುವಾರದ ಮೌನದ ಬೇರು ಆಳದಲ್ಲಿದೆ. ಜರ್ಮನಿಯ 1919ರ ವೈಮರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನೂ ಹಬ್ಬದ ರಜೆಗಳನ್ನೂ ವಿಶ್ರಾಂತಿಯ ದಿನಗಳೆಂದು ರಕ್ಷಿಸಿತು. 1949ರ ಈಗಿನ ಸಂವಿಧಾನ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಭಾನುವಾರ ಅಂಗಡಿಗಳು ಮುಚ್ಚಿರುವುದಕ್ಕೂ ಇದೇ ಬುನಾದಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಉಳಿದ ದಿನವೂ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ಶನಿವಾರ ಸಂಜೆಯೊಳಗೆ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳದಿದ್ದರೆ ಮುಖ್ಯ ರೈಲು ನಿಲ್ದಾಣದ ಅಂಗಡಿಗಳಿಗೆ ಹೋಗಿ ಹೆಚ್ಚು ಬೆಲೆ ಕೊಡಬೇಕಾಗುತ್ತದೆ.

ಹಾಗಾದರೆ ದೋಸೆ? ಶನಿವಾರ ಬೆಳಿಗ್ಗೆ ನೆನೆಹಾಕಿ, ಮಧ್ಯಾಹ್ನ 3ರ ಮೇಲೆ ರುಬ್ಬಿ. ಮಿಕ್ಸಿಯನ್ನು ಕಟ್ಟೆಯ ಮೇಲೆ ನೇರವಾಗಿ ಇಡಬೇಡಿ, ಮಡಿಸಿದ ದಪ್ಪ ಟವೆಲ್ ಹಾಸಿ ಇಡಿ. ಕೆಳಮನೆಗೆ ತಲುಪುವುದು ಮಿಕ್ಸಿಯ ಕೂಗಿಗಿಂತ ಅದರ ನಡುಕ. ಇಲ್ಲಿನ ಚಳಿಗೆ ಹಿಟ್ಟು ಹುದುಗುವುದು ನಿಧಾನ. ಓವನ್‌ನ ದೀಪವನ್ನಷ್ಟೇ ಹಾಕಿ ಒಳಗಿಟ್ಟರೆ ಭಾನುವಾರ ಬೆಳಿಗ್ಗೆಗೆ ಉಬ್ಬಿರುತ್ತದೆ. ಪಾತ್ರೆ ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ.

ಅಜ್ಜಿ ಬಾಗಿಲು ತಟ್ಟಿದ್ದು ಒಳ್ಳೆಯ ಲಕ್ಷಣ ಎಂದೇ ನನ್ನ ಅಭಿಪ್ರಾಯ. ಎದುರಿಗೆ ಬಂದು ಹೇಳುವವರು ವಿಷಯವನ್ನು ಅಲ್ಲಿಗೇ ಮುಗಿಸುತ್ತಾರೆ. ಹೇಳದವರು ದಿನಾಂಕ, ಗಂಟೆ ಬರೆದಿಟ್ಟು ಮನೆ ಮಾಲೀಕರಿಗೆ ಪತ್ರ ಹಾಕುತ್ತಾರೆ. ಒಂದು ಸಂಜೆ ಕೆಳಗಿಳಿದು, ಹೆಸರು ಹೇಳಿ, 'ನಿಯಮ ಗೊತ್ತಿರಲಿಲ್ಲ, ಕ್ಷಮಿಸಿ' ಎನ್ನಿ. ಉದ್ದದ ವಿವರಣೆ ಬೇಡ. ಬೇಡದ ನೆವ ಹೇಳುವುದು ಇಲ್ಲಿ ಕ್ಷಮೆಯನ್ನು ತೆಳುವಾಗಿಸುತ್ತದೆ.

ಅಡುಗೆಮನೆಯ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಮುಂದೆ ನೀವು ಗದರಿಸಿಕೊಳ್ಳಲಿರುವುದು ಇದಕ್ಕೇ. ಒಗ್ಗರಣೆ ಹಾಕುವಾಗ, ಒಣಮೆಣಸಿನಕಾಯಿ ಹುರಿಯುವಾಗ ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆಯಿರಿ. ನಮ್ಮವರು ಹೊಗೆ ಹೋಗಲಿ ಎಂದು ಕಾರಿಡಾರ್ ಕಡೆಯ ಬಾಗಿಲು ತೆರೆಯುತ್ತಾರೆ. ಹೊಗೆ ಪತ್ತೆಯ ಅಲಾರಂ ಇರುವುದು ಅಲ್ಲೇ, ಅಗ್ನಿಶಾಮಕ ದಳಕ್ಕೆ ನೇರ ಸಂಪರ್ಕವಿರುವ ಹಾಸ್ಟೆಲ್‌ಗಳಲ್ಲಿ ವಾಹನವೇ ಬಂದು ನಿಲ್ಲುತ್ತದೆ. ಚಳಿಗಾಲದಲ್ಲಿ ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡುವುದು ಇನ್ನೊಂದು ತಪ್ಪು. ಗೋಡೆ ತಣ್ಣಗಾಗುತ್ತದೆ, ಅನ್ನದ ಹಬೆ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ ಎಲ್ಲ ಅದರ ಮೇಲೆ ಕೂತು ಕಪ್ಪು ಬೂಸ್ಟು ಹಿಡಿಯುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಟರ್ ಬಂದ್ ಮಾಡಿ, ಕಿಟಕಿಗಳನ್ನು ಅಗಲವಾಗಿ 5ರಿಂದ 10 ನಿಮಿಷ ತೆರೆದು ಮತ್ತೆ ಮುಚ್ಚಿ. ಮನೆ ಬಿಡುವಾಗ ಬೂಸ್ಟು ಕಂಡರೆ ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆ, ಮುಂಗಡವೆಂದರೆ ಇಲ್ಲಿ ಮೂರು ತಿಂಗಳ ಬಾಡಿಗೆಯವರೆಗೂ ಇರಬಹುದು.

ಕೌಂಟರ್‌ನಲ್ಲಿ ಏನಾಗುತ್ತದೆಂದು ಹತ್ತಿರದಿಂದ ನೋಡಿ. ಆಲ್ಡಿ, ಲಿಡ್ಲ್‌ನಂಥ ಅಂಗಡಿಗಳಲ್ಲಿ ಕ್ಯಾಷಿಯರ್ ಕೂತಿರುತ್ತಾರೆ. ಎಷ್ಟೋ ಪೊಟ್ಟಣಗಳಲ್ಲಿ ಬಾರ್‌ಕೋಡ್ ದೊಡ್ಡದಾಗಿ, ಒಂದಕ್ಕಿಂತ ಹೆಚ್ಚು ಬದಿಯಲ್ಲಿ ಅಚ್ಚಾಗಿರುತ್ತದೆ, ಯಾವ ಕಡೆ ಎಳೆದರೂ ಓದಿಕೊಳ್ಳಲಿ ಎಂದು. ಸ್ಕ್ಯಾನರ್ ಆಚೆಗಿನ ಕಟ್ಟೆ ಗೇಣಗಲ, ಅಲ್ಲಿ ಚೀಲ ತುಂಬಲು ಜಾಗವೇ ಇಲ್ಲ. ಜಾಗ ಇಡದಿರುವುದು ಉದ್ದೇಶಪೂರ್ವಕ. ಬೆಲೆ ಕಡಿಮೆ ಇರುವುದು ಕೆಲವೇ ಜನ ಬೇಗಬೇಗ ಕೆಲಸ ಮುಗಿಸುವುದರಿಂದ. ತಳ್ಳುಗಾಡಿ ಬಿಡಿಸಿಕೊಳ್ಳಲು 50 ಸೆಂಟ್ ಅಥವಾ 1 ಯೂರೋ ನಾಣ್ಯ ಜೇಬಿನಲ್ಲಿರಲಿ. ಬೆಲ್ಟ್ ಮೇಲೆ ಭಾರದ ಸಾಮಾನು ಮೊದಲು, ಮೊಟ್ಟೆ, ಬ್ರೆಡ್, ಟೊಮೆಟೊ ಕೊನೆಗೆ ಇಡಿ. ನಿಮ್ಮ ಸಾಮಾನು ಮುಗಿದ ಮೇಲೆ ಅಡ್ಡಪಟ್ಟಿ ಇಡಿ. ಇಡದಿದ್ದರೆ ಹಿಂದಿನವರ ಮುಖ ಗಂಟಾಗುವುದು ಅದಕ್ಕೇ. ಸ್ಕ್ಯಾನ್ ಆದದ್ದನ್ನೆಲ್ಲ ಮತ್ತೆ ಗಾಡಿಗೇ ಹಾಕಿ, ಹಣ ಕೊಟ್ಟು, ಕಿಟಕಿಯ ಬಳಿಯ ಕಟ್ಟೆಗೆ ಹೋಗಿ ನಿಧಾನವಾಗಿ ಚೀಲಕ್ಕೆ ತುಂಬಿಕೊಳ್ಳಿ. ಕೌಂಟರ್‌ನಲ್ಲೇ ತುಂಬುತ್ತ ನಿಂತರೆ ಸಾಲು ಪೂರ್ತಿ ನಿಲ್ಲುತ್ತದೆ.

ಖಾಲಿ ಬಾಟಲಿಗೂ ಬೆಲೆಯಿದೆ: ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗೆ 25 ಸೆಂಟ್, ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8. ಹಿಸುಕಬೇಡಿ, ಬಾಟಲಿ ವಾಪಸ್ ಪಡೆಯುವ ಯಂತ್ರ ಲೇಬಲ್ ಓದಬೇಕು. ಬೀದಿಯಲ್ಲಿ ಬಿಸಾಡುವ ಹಾಗಾದರೆ ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗಿ. ಅದನ್ನು ಆಯ್ದು ಬದುಕುವವರಿದ್ದಾರೆ, ಅವರು ಡಬ್ಬಿಗೆ ಕೈ ಹಾಕುವುದು ತಪ್ಪುತ್ತದೆ.

ಯಾರೂ ನಗುವುದಿಲ್ಲ ಎಂದಿರಿ. ಬೀದಿಯಲ್ಲಿ ನಿಜ. ಗುರುತಿಲ್ಲದವರನ್ನು ಅವರ ಪಾಡಿಗೆ ಬಿಡುವುದೇ ಅಲ್ಲಿ ಮರ್ಯಾದೆ. ಆದರೆ ಚಿಕ್ಕ ಜಾಗಗಳಲ್ಲಿ ಲೆಕ್ಕ ತಿರುಗಿಬಿಡುತ್ತದೆ. ಡಾಕ್ಟರ ಕಾಯುವ ಕೋಣೆಗೆ ಕಾಲಿಟ್ಟವರು ಅಲ್ಲಿ ಕೂತ ಎಲ್ಲರಿಗೂ ಸೇರಿಸಿ ನಮಸ್ಕಾರ ಹೇಳುತ್ತಾರೆ; ಲಿಫ್ಟ್‌ನಲ್ಲಿ, ಬೇಕರಿಯಲ್ಲಿ, ಕಟ್ಟಡದ ಮೆಟ್ಟಿಲ ಮೇಲೆ, ಊರಾಚೆಯ ಕಾಲುದಾರಿಯಲ್ಲಿ ಕೂಡ. ಮ್ಯೂನಿಕ್‌ನಲ್ಲಿ ಹಿರಿಯರಿಗೆ 'ಗ್ರ್ಯೂಸ್ ಗೊಟ್', ಓರಗೆಯವರಿಗೆ 'ಸೆರ್ವುಸ್'. ಮೆಟ್ಟಿಲ ಮೇಲೆ ನೀವು ಸುಮ್ಮನೆ ದಾಟಿಹೋಗುತ್ತಿದ್ದರೆ, ಆ ಅಜ್ಜಿಯ ಲೆಕ್ಕದಲ್ಲಿ ಬಿಗುಮಾನದ ಮನುಷ್ಯ ನೀವೇ.

ಊಟದ ಮನೆಯಲ್ಲಿ 'ಬೇಡ' ಎಂದರೆ ಬೇಡ ಎಂದೇ. ನಮ್ಮಲ್ಲಿ ಎರಡು ಸಲ ಬೇಡವೆನ್ನುವುದು ಸಂಕೋಚ, ಮೂರನೆಯ ಸಲ ಬಡಿಸುವುದು ಉಪಚಾರ. ಇಲ್ಲಿ ಒತ್ತಾಯ ಮಾಡುವುದು ನಿಮ್ಮ ಮಾತನ್ನು ನಂಬದ ಹಾಗೆ. ಹಸಿವಿದ್ದರೆ ಮೊದಲ ಸಲವೇ 'ಹೂಂ, ಇನ್ನಷ್ಟು' ಎನ್ನಿ, ಅಡುಗೆ ಮಾಡಿದವರಿಗೆ ಖುಷಿಯಾಗುತ್ತದೆ. ಸಂಜೆ 7ಕ್ಕೆ ಕರೆದರೆ 7ಕ್ಕೆ. 'ಹಾಲ್ಬ್ ಆಖ್ಟ್' ಎಂದರೆ ಏಳೂವರೆ, ಎಂಟೂವರೆಯಲ್ಲ, ಇದರಲ್ಲಿ ಎಡವಿದರೆ ಒಂದು ಗಂಟೆ ತಡ. ವಿಶ್ವವಿದ್ಯಾಲಯದಲ್ಲಿ ಮಾತ್ರ ಒಂದು ವಿನಾಯಿತಿ: ವೇಳಾಪಟ್ಟಿಯಲ್ಲಿ ಗಂಟೆಯ ಮುಂದೆ ಸಿ.ಟಿ. ಎಂದಿದ್ದರೆ ತರಗತಿ 15 ನಿಮಿಷ ತಡವಾಗಿ ಶುರು, ಎಸ್.ಟಿ. ಎಂದಿದ್ದರೆ ಸರಿಯಾದ ಹೊತ್ತಿಗೆ. ಹೋಟೆಲಿನಲ್ಲಿ ಅವರವರ ಬಿಲ್ಲು ಅವರವರೇ ಕೊಡುವುದು ಜಿಪುಣತನವಲ್ಲ. ಟಿಪ್ಸನ್ನು ಟೇಬಲ್ ಮೇಲೆ ಬಿಟ್ಟು ಬರುವುದಿಲ್ಲ, 18.40 ಆಗಿದ್ದರೆ ಹಣ ಕೊಡುವಾಗಲೇ 'ಇಪ್ಪತ್ತು' ಎನ್ನುತ್ತಾರೆ.

ಸಸ್ಯಾಹಾರಿಗಳಾಗಿದ್ದರೆ 'ಮಾಂಸ ಇಲ್ಲದ್ದು' ಎಂದು ಕೇಳುವುದು ಸಾಲದು, 'ವೆಗೆಟಾರಿಶ್' ಎಂದೇ ಕೇಳಿ. ಹುಳಿ ಎಲೆಕೋಸಿನಲ್ಲಿ ಹಂದಿ ಕೊಬ್ಬೋ ಬೇಕನ್ ಚೂರೋ, ತರಕಾರಿ ಸೂಪಿನಲ್ಲಿ ಮಾಂಸದ ರಸವೋ ಇರುವುದುಂಟು. ಮಾಡಿದವರಿಗೆ ಅದು ಮಾಂಸದ ಅಡುಗೆ ಅನಿಸುವುದಿಲ್ಲ. ಜೆಲ್ಲಿ ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ. ಚೀಸ್ ಹಾಕಿದ ನೂಡಲ್ಸ್‌ನಂಥ ತಿನಿಸು ಕೇಸೆಷ್ಪೆಟ್ಸ್‌ಲೆ ಹೊಟ್ಟೆ ತುಂಬಿಸುತ್ತದೆ, ಆದರೆ ಆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಈ ಊರಿನ ಜನ ಬಿಗುವಿನವರು ಎಂದು ತೀರ್ಮಾನಿಸುವ ಮೊದಲು ಒಂದು ಬಿಸಿಲಿನ ಸಂಜೆ ಬಿಯರ್ ಗಾರ್ಡನ್‌ಗೆ ಹೋಗಿ. ನೀವು ಕುಡಿಯದವರಾದರೆ ಇನ್ನೂ ಮುಖ್ಯವಾಗಿ ಹೋಗಿ, ಸೇಬಿನ ರಸಕ್ಕೆ ಸೋಡಾ ಬೆರೆಸಿದ 'ಆಪ್ಫೆಲ್‌ಷೋರ್ಲೆ' ಎಲ್ಲ ಕಡೆ ಸಿಗುತ್ತದೆ. 1812ರಲ್ಲಿ ಬವೇರಿಯಾದ ರಾಜ ಒಂದನೇ ಮ್ಯಾಕ್ಸಿಮಿಲಿಯನ್, ಮದ್ಯ ತಯಾರಕರು ತಮ್ಮ ನೆಲಮಾಳಿಗೆಯ ಬಳಿ ಬಿಯರ್ ಮಾರಬಹುದು, ಬ್ರೆಡ್ಡಿನ ಹೊರತು ಊಟ ಮಾರಬಾರದು ಎಂದು ಆಜ್ಞೆ ಮಾಡಿದ. ಜನ ಮನೆಯಿಂದ ಬುತ್ತಿ ತಂದರು. ಆ ರೂಢಿ ಇಂದಿಗೂ ನಡೆದಿದೆ. ಇಂಗ್ಲಿಷ್ ಗಾರ್ಡನ್‌ನ ಚೈನೀಸ್ ಟವರ್ ಬಳಿ ಬಟ್ಟೆ ಹಾಸದ ಟೇಬಲ್‌ಗಳಲ್ಲಿ ನಿಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಬಟ್ಟೆ ಹಾಸಿದ ಟೇಬಲ್ ಮಾಣಿ ಬಂದು ಕೊಡುವ ಕಡೆ, ಅಲ್ಲಿ ಬುತ್ತಿ ಬಿಚ್ಚಬೇಡಿ. 'ಷ್ಟಾಮ್‌ಟಿಷ್' ಎಂಬ ಫಲಕವಿರುವ ಟೇಬಲ್ ಖಾಯಂ ಗಿರಾಕಿಗಳದು. ಬೆಂಚು ಉದ್ದ, ಅರ್ಧ ಖಾಲಿಯಿದ್ದರೆ 'ಇಸ್ಟ್ ಹೀಅ ನೋಖ್ ಫ್ರೈ?', ಇಲ್ಲಿ ಜಾಗ ಖಾಲಿಯಿದೆಯೇ, ಎಂದು ಕೇಳಿ ಕೂರುವುದೇ ರೂಢಿ. ಬೀದಿಯಲ್ಲಿ ನಿಮ್ಮತ್ತ ನೋಡದ ಅದೇ ಜನ ಇಲ್ಲಿ ಡಬ್ಬಿಯೊಳಗಿರುವುದು ಏನೆಂದು ತಾವಾಗಿ ಕೇಳುತ್ತಾರೆ. ಗ್ಲಾಸಿಗೆ ಠೇವಣಿ ಇದ್ದರೆ ಟೋಕನ್ ಕೊಡುತ್ತಾರೆ, ಕಳೆದುಕೊಳ್ಳಬೇಡಿ. ಅದೇ ಉದ್ಯಾನದಲ್ಲಿ ಬೇಸಿಗೆಯ ದಿನ ಬಟ್ಟೆಯಿಲ್ಲದೆ ಬಿಸಿಲಿಗೆ ಮೈಯೊಡ್ಡಿದವರನ್ನು ಕಾಣುತ್ತೀರಿ. ಅದಕ್ಕೆಂದೇ ಬಿಟ್ಟ ಹುಲ್ಲುಗಾವಲು ಅದು. ನೋಡಿಯೂ ನೋಡದಂತೆ ನಡೆದುಹೋಗುವುದು ಸರಿಯಾದ ನಡೆ, ಫೋನ್ ಜೇಬಿನಲ್ಲೇ ಇರಲಿ. ಗುರುತಿಲ್ಲದವರ ಮುಖವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬ ಕಾನೂನು ಇಲ್ಲಿ 1907ರಿಂದಲೇ ಇದೆ. ರೀಲ್ಸ್ ಮಾಡುವವರು ಇದನ್ನು ಮರೆತು ಸಿಕ್ಕಿಬೀಳುತ್ತಾರೆ.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು. ಹಬ್ಬಕ್ಕೆ ಬಾಗಿಲ ಮುಂದೆ ರಂಗೋಲಿಯಲ್ಲಿ ಸ್ವಸ್ತಿಕ ಬಿಡಿಸಬೇಡಿ, ಹೊಸ ಸೈಕಲ್‌ಗೆ ಕುಂಕುಮದಲ್ಲಿ ಬರೆಯಬೇಡಿ, ಕಿಟಕಿಗೆ ಅಂಟಿಸಬೇಡಿ. ನಾಜಿ ಚಿಹ್ನೆಗಳ ಬಳಕೆ ಜರ್ಮನ್ ದಂಡಸಂಹಿತೆಯಲ್ಲಿ ಅಪರಾಧ. ನಮ್ಮ ಧಾರ್ಮಿಕ ಚಿಹ್ನೆ ಆ ಕಾನೂನಿನ ಗುರಿಯಲ್ಲ, ದೇವರ ಕೋಣೆಯೊಳಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಮೆಟ್ಟಿಲಿಳಿದು ಬರುವ ಎಂಬತ್ತರ ವೃದ್ಧರಿಗೆ ಆ ವ್ಯತ್ಯಾಸ ಕಾಣುವುದಿಲ್ಲ, ಕಾಣಬೇಕೆಂದು ಕೇಳುವುದೂ ಸರಿಯಲ್ಲ. ಹಿಟ್ಲರನ ಪಕ್ಷ ಹುಟ್ಟಿ ಬೆಳೆದ ಊರು ಇದು. 1933ರ ಮಾರ್ಚ್‌ನಲ್ಲಿ ತೆರೆದ ಡಾಖಾವ್ ಯಾತನಾ ಶಿಬಿರ ಇಲ್ಲಿಂದ ಎಸ್2 ರೈಲಿನ ದಾರಿಯಲ್ಲೇ ಇದೆ. ಮೊದಲ ತಿಂಗಳಲ್ಲೇ ಒಂದು ದಿನ ಮೀಸಲಿಟ್ಟು ನೋಡಿಬನ್ನಿ. ಓಡಿಯೋನ್ಸ್‌ಪ್ಲಾಟ್ಸ್ ಬಳಿ ವಿಸ್ಕಾರ್ಡಿಗಾಸೆ ಎಂಬ ಗಲ್ಲಿಯಿದೆ. ಅಲ್ಲೇ ಇರುವ ಫೆಲ್ಡ್‌ಹೆರ್ನ್‌ಹಾಲೆ ಎಂಬ ಮಂಟಪದಲ್ಲಿ ನಾಜಿಗಳು ಇಟ್ಟಿದ್ದ ಸ್ಮಾರಕದ ಮುಂದೆ ಕೈಯೆತ್ತಿ ವಂದಿಸಲು ಮನಸ್ಸಿಲ್ಲದವರು ಈ ಗಲ್ಲಿಯಲ್ಲಿ ನುಸುಳಿ ಹೋಗುತ್ತಿದ್ದರು. ಅವರ ನೆನಪಿಗೆ ನೆಲದ ಕಲ್ಲುಗಳ ನಡುವೆ ಕಂಚಿನ ಕಲ್ಲುಗಳ ಸಾಲೊಂದನ್ನು ಕೂರಿಸಿದ್ದಾರೆ. ಫಲಕ ಹುಡುಕಬೇಡಿ, ನೆಲ ನೋಡಿಕೊಂಡು ನಡೆಯಿರಿ.

ಮುಂದೆ ಯಾರಾದರೂ ಗದರಿದಾಗ ಕಾರಣವನ್ನು ಊಹಿಸುತ್ತ ಕೂರದೆ ಕೇಳಿಬಿಡಿ: 'ಹಾಬೆ ಇಶ್ ಎಟ್ವಾಸ್ ಫಾಲ್ಶ್ ಗೆಮಾಖ್ಟ್?', ನಾನೇನಾದರೂ ತಪ್ಪು ಮಾಡಿದೆನೇ? ನೇರ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ನಿಯಮವನ್ನು ತೋರಿಸಿ ಹೇಳಿದರೆ ವಿಷಯ ನಿಯಮದ್ದು. ನಿಯಮ ತೋರಿಸಲಾಗದೆ ನಿಮ್ಮ ಊರು, ಬಣ್ಣ, ಭಾಷೆಯ ಮೇಲೆ ಮಾತು ಹೊರಳಿದರೆ ವಿಷಯ ಬೇರೆ. ಮ್ಯೂನಿಕ್‌ನಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ. ಹಬ್ಬಕ್ಕೆ, ಊಟಕ್ಕೆ ಅವರೊಡನೆ ಸೇರಿ. ಜರ್ಮನ್ನರು ಹೇಗೆ ಎಂಬ ತೀರ್ಪನ್ನು ಮಾತ್ರ ಅವರಿಂದ ಸಿದ್ಧವಾಗಿ ಪಡೆಯಬೇಡಿ, ಹತ್ತು ವರ್ಷದ ಹಿಂದಿನ ಸಿಟ್ಟು ಅದರಲ್ಲಿ ಸೇರಿರಬಹುದು.

ಈಗ ರೂಮಿನ ವಿಷಯ. ಒಂದೇ ರೂಮು, ಒಂದೇ ದಿನ, ಇಬ್ಬರು ಕೇಳಿದ್ದಾರೆ, ಹೆಸರಿನ ಹೊರತು ಬೇರೆ ವ್ಯತ್ಯಾಸ ಕಾಣದೆ ಉತ್ತರ ಬದಲಾಗಿದೆ. 2006ರ ಸಮಾನ ವರ್ತನೆಯ ಕಾನೂನು, ಇಲ್ಲಿ ಎ.ಜಿ.ಜಿ. ಎನ್ನುತ್ತಾರೆ, ಜನಾಂಗ ಮತ್ತು ಮೂಲದ ಆಧಾರದ ಮೇಲೆ ಬಾಡಿಗೆ ನಿರಾಕರಿಸುವುದನ್ನು ನಿಷೇಧಿಸುತ್ತದೆ. ಮಾಲೀಕರು ತಾವೂ ಅದೇ ನಿವೇಶನದಲ್ಲಿ ವಾಸವಿದ್ದರೆ ವಿನಾಯಿತಿ ಸಿಗಬಹುದು, ಆದ್ದರಿಂದ ಅದನ್ನು ಮೊದಲು ವಿಚಾರಿಸಿಕೊಳ್ಳಿ. ತಾರತಮ್ಯದ ಸೂಚನೆಗಳನ್ನು ನೀವು ಸಾಬೀತುಪಡಿಸಿದರೆ ಸಾಕು, ಹಾಗಲ್ಲವೆಂದು ತೋರಿಸುವ ಹೊಣೆ ಎದುರಿನವರ ಮೇಲೆ ಬೀಳುತ್ತದೆ. ಹಕ್ಕು ಕೇಳಲು ಇರುವುದು ಎರಡೇ ತಿಂಗಳು. ಅಷ್ಟರೊಳಗೆ ಮಾಲೀಕರಿಗೆ ಪತ್ರ ತಲುಪಿರಬೇಕು.

ಜಾಹೀರಾತು ತೆಗೆದುಹಾಕುವ ಮೊದಲು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕರೆ ಮಾಡಿದ ದಿನ, ಗಂಟೆ, ನಂಬರ್, ಅವರು ಆಡಿದ ಮಾತು ಬರೆದಿಡಿ. ಗೆಳೆಯನೂ ತನ್ನ ಕರೆಯ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ಸಹಿ ಮಾಡಲಿ. ಸಾಕ್ಷಿಗೆಂದು ಫೋನ್ ಮಾತನ್ನು ರೆಕಾರ್ಡ್ ಮಾಡಬೇಡಿ, ಒಪ್ಪಿಗೆಯಿಲ್ಲದೆ ಮಾಡಿದರೆ ಇಲ್ಲಿ ಅದು ನಿಮ್ಮ ಮೇಲೆಯೇ ಕ್ರಿಮಿನಲ್ ಮೊಕದ್ದಮೆಗೆ ಕಾರಣವಾಗುತ್ತದೆ. ಇನ್ನು ಮುಂದೆ ರೂಮಿಗೆ ಮೊದಲು ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿ ಉಳಿಯುತ್ತದೆ. ಈ ಕಾಗದಗಳನ್ನು ಹಿಡಿದು ಬರ್ಲಿನ್‌ನಲ್ಲಿರುವ ಕೇಂದ್ರ ತಾರತಮ್ಯ ವಿರೋಧಿ ಕಚೇರಿಗೆ ಬರೆಯಿರಿ, ಅವರ ಸಲಹೆ ಉಚಿತ. ಅವರು ನಿಮ್ಮ ಪರವಾಗಿ ಮೊಕದ್ದಮೆ ಹೂಡುವುದಿಲ್ಲ, ಅದಕ್ಕೆ ವಕೀಲರು ಬೇಕು. ವಿದ್ಯಾರ್ಥಿಗಳಿಗೆ ಸ್ಟೂಡಿಯೆರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಕಾನೂನು ಸಲಹೆಯಿದೆ, ಮೊದಲು ಅಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಮೊನ್ನೆ ನಡೆದದ್ದೆಂದು ಬರೆದಿದ್ದೀರಿ, ಅಂದರೆ ಎರಡು ತಿಂಗಳ ಲೆಕ್ಕ ಆಗಲೇ ಶುರುವಾಗಿದೆ.